ಹೊಂಬಾಳಮ್ಮನಿಗೊಂದು ಎಲೆ

ಗೌರಿ ಹಬ್ಬ ಕಳೆದ ಮರುವಾರ ಬೆಳಿಗ್ಗೆ ಶಾಂತಕುಮಾರಿ ಹಾಲಿನ ಕ್ಯಾನು ಹಿಡಿದು ಡೈರಿ ಮುಂದಿನ ಸಾಲಿನಲ್ಲಿ ನಿಂತಿದ್ದಳು. ಮುಂದೆ ನಿಂತಿದ್ದವಳು ದೊಡ್ಡಣ್ಣನ ಹೆಂಡತಿ ಲಕ್ಕಮ್ಮ. ಪಿತೃಪಕ್ಷ ಹತ್ತಿರ ಬರುತ್ತಿತ್ತು. ಸತ್ತವರಿಗೆ ಎಡೆ ಇಡುವ ಕಾಲ. ಯಾರ ಮನೆಯಲ್ಲಿ ಎಷ್ಟು ಕೆಜಿ ಮಟನ್ನು, ಯಾರ ಮನೆಯಲ್ಲಿ ಸುಣ್ಣ ಹೊಡೆದಾಯಿತು ಎಂದು ಹೆಂಗಸರು ಮಾತಾಡುತ್ತಿದ್ದರು. ಆ ಮಾತಿನ ನಡುವೆ ಶಾಂತಕುಮಾರಿ ಕೇಳಿದಳು.

“ಲಕ್ಕಮ್ಮಕ್ಕ, ಈ ಸಲನಾದ್ರೂ ಹೊಂಬಾಳುಗೆ ಒಂದು ಎಲೆ ಇಕ್ತೀರಾ?”

ಹೊಂಬಾಳಮ್ಮ ಎಂದರೆ ದೊಡ್ಡಣ್ಣನ ಒಡಹುಟ್ಟಿದ ತಂಗಿ. ಅವಳು ಸತ್ತು ಎರಡು ವರ್ಷಕ್ಕೆ ಬಂದಿತ್ತು. ಲಕ್ಕಮ್ಮ ಹಿಂದಕ್ಕೆ ತಿರುಗಿಯೂ ನೋಡಲಿಲ್ಲ.

“ಯಾಕೆ ಇಕ್ಕಬೇಕು? ಒಡಹುಟ್ಟಿದೋನ ಮೇಲೆ ಕೇಸ್ ಹಾಕಿದೋಳು. ಕೋರ್ಟ್‌ನಲ್ಲೇ ಉಣ್ಲಿ ಬುಡು.”

ಸಾಲಿನಲ್ಲಿದ್ದ ಇಬ್ಬರು ನಕ್ಕರು. ಶಾಂತಕುಮಾರಿಗೆ ಕೈಯಲ್ಲಿದ್ದ ಕ್ಯಾನನ್ನು ನೆಲಕ್ಕೆ ಕುಕ್ಕುವಷ್ಟು ಸಿಟ್ಟು ಬಂತು. ಹಾಲು ಚೆಲ್ಲುತ್ತದೆಂದು ಸುಮ್ಮನಾದಳು.

“ಕೋರ್ಟ್ ದೂರ ಆಯ್ತದೆ ಅವಳಿಗೆ. ನಮ್ಮನೆ ಹತ್ರ. ನಮ್ಮನೇಲೇ ಇಕ್ತೀನಿ” ಅಂದಳು.

ಸಾಲಿನ ನಗು ನಿಂತಿತು. ಹಾಲಿನ ಫ್ಯಾಟು ನೋಡುವ ಮೆಷಿನ್ನು ಇವಳ ಹಾಲಿಗೆ ಚೀಟಿ ಕೊಡುವಷ್ಟರಲ್ಲಿ ಈ ಮಾತು ಊರೆಲ್ಲ ತಿರುಗಿ ಇವಳಿಗಿಂತ ಮೊದಲೇ ಇವಳ ಮನೆ ಮುಟ್ಟಿತ್ತು.

ಗಂಡ ಶಿವಮೂರ್ತಿ ಜಗುಲಿಯ ಮೇಲೆ ಕೂತು ಅಕ್ಕಿರೊಟ್ಟಿ ಮುರಿಯುತ್ತಿದ್ದ. ಕೆಟ್ಟ ಮನುಷ್ಯನಲ್ಲ. ಕುಡಿತ ಇಲ್ಲ, ಇಸ್ಪೀಟು ಇಲ್ಲ. ಊರಿನ ಬಾಯಿಗೆ ಹೆದರುವುದೊಂದೇ ಅವನ ಚಟ.

“ಏನೇ ಇದು ನಾನು ಕೇಳಿದ್ದು?”

“ನೀವು ಕೇಳಿದ್ದು ಸರಿಯಾಗೇ ಐತೆ. ಚಟ್ನಿ ಸಾಕಾ?”

“ತಮಾಷೆ ಬ್ಯಾಡ. ಇನ್ನೊಬ್ರ ಮನೆ ಹೆಣ್ಣಿಗೆ ನಮ್ಮನೇಲಿ ಎಡೆನಾ? ಕಂಡಿದೀಯಾ ಎಲ್ಲಾದ್ರೂ?”

“ಕಂಡಿಲ್ಲ. ಈ ಸಲ ಕಾಣ್ತೀನಿ.”

ಒಳಗೆ ಅಟ್ಟದ ಕೆಳಗೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅತ್ತೆ ರಂಗಮ್ಮ ಎದ್ದು ಬಂದರು. ಎಂಬತ್ತರ ಹತ್ತಿರದ ಮುದುಕಿ. ‘ಅತ್ತೆ, ಹಸಿನ ಮುಂದೆ ಹುಲ್ಲು ಹಾಕಿ’ ಎಂದು ಮೂರು ಸಲ ಕೂಗಿದರೂ ಕೇಳಿಸದ ಕಿವಿ, ಇಂಥ ಮಾತಿಗೆ ಮಾತ್ರ ಪಿಸುಗುಟ್ಟಿದರೂ ತೆರೆದುಕೊಳ್ಳುತ್ತಿತ್ತು.

“ಹೊರಗಿನೋರ ಎಲೆ ಬಿದ್ರೆ ಮನೆ ಹಿರೀಕರು ಹೊಸ್ಲಲ್ಲೇ ನಿಂತ್ಕತ್ತಾರೆ ಕಣೇ. ಒಳಕ್ಕೆ ಬರಲ್ಲ. ನಮ್ಮ ಯಜಮಾನ್ರು ಹಸ್ಕೊಂಡು ಹೋಗ್ಬೇಕಾ?”

“ಅವಳು ಬದುಕಿದ್ದಾಗ ಇದೇ ನಡುಮನೇಲಿ ಕೂತು ಉಂಡಿಲ್ವಾ ಅತ್ತೆ? ಗೋಡೆ ಮೇಲಿದ್ದ ಮಾವ ಫೋಟೋ ಬಿಟ್ಟು ಎದ್ದೇನೂ ಹೋಗ್ಲಿಲ್ಲ.”

“ಬದುಕಿರೋರು ಉಣ್ಣೋದು ಬೇರೆ. ಇದು ಬೇರೆ.”

“ಉಣ್ಣೋದು ಉಣ್ಣೋದೇ” ಅಂದು ಶಾಂತಕುಮಾರಿ ಕ್ಯಾನು ತೊಳೆಯಲು ಹಿತ್ತಿಲಿಗೆ ಹೋದಳು.

ಇವಳಿಗೂ ಹೊಂಬಾಳಮ್ಮನಿಗೂ ನೆಂಟಸ್ತಿಕೆ ಏನೂ ಇರಲಿಲ್ಲ. ದಬ್ಬೇಘಟ್ಟದ ಹೈಸ್ಕೂಲಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವರು, ಅಷ್ಟೇ. ಬೇರೆ ಬೇರೆ ಊರು, ಆದರೆ ಒಂದೇ ರಸ್ತೆ. ಬೆಳಗಿನ ಬಸ್ಸಿನವನು ಪಾಸಿನ ಹುಡುಗಿಯರನ್ನು ಕಂಡರೆ ನಿಲ್ಲಿಸದೆ ಹೋಗುತ್ತಿದ್ದ. ಒಂದು ದಿನ ಹೊಂಬಾಳಮ್ಮ ಲಂಗ ಎತ್ತಿ ಸಿಕ್ಕಿಸಿಕೊಂಡು ರಸ್ತೆಯ ನಡುವೆ ಎರಡೂ ಕೈ ಅಗಲಿಸಿ ನಿಂತುಬಿಟ್ಟಳು. ಬಸ್ಸು ಕಿರ್ರೆಂದು ನಿಂತಿತು. ‘ಸಾಯ್ತೀಯೇನೇ?’ ಎಂದು ಡ್ರೈವರು ಕಿರುಚಿದ. ‘ನೀನು ನಿಲ್ಸಿದ್ರೆ ನಾನ್ಯಾಕೆ ಸಾಯ್ಲಿ?’ ಎಂದು ಅವಳೂ ಕಿರುಚಿದಳು. ಆಮೇಲೆ ಆ ಬಸ್ಸು ದಿನಾ ನಿಂತಿತು.

ಎಸ್ಸೆಸ್ಸೆಲ್ಸಿಯಲ್ಲಿ ಶಾಂತಕುಮಾರಿ ಲೆಕ್ಕದಲ್ಲಿ ಹೋದಳು. ಓದಿದ್ದು ಸಾಕೆಂದು ಅಪ್ಪ ಅಂದರು. ಪಾಸಾಗಿದ್ದ ಹೊಂಬಾಳಮ್ಮ ಮನೆಗೇ ಬಂದು, ‘ಹೋಗಿರೋದು ಲೆಕ್ಕದಲ್ಲಿ ಕಣಪ್ಪೋ, ತಲೆ ಹೋಗಿಲ್ಲ ಇವಳಿಗೆ, ಫೀಸ್ ಕಟ್ಟಿ’ ಎಂದು ಅಪ್ಪನ ಎದುರೇ ನಿಂತಳು. ಸಪ್ಲಿಮೆಂಟರಿ ಪರೀಕ್ಷೆಗೆ ತುರುವೇಕೆರೆಗೆ ತಾನೇ ಕರೆದುಕೊಂಡು ಹೋಗಿ, ಮುಗಿಯುವವರೆಗೂ ಮರದ ಕೆಳಗೆ ಖಾರ ಮಂಡಕ್ಕಿ ತಿನ್ನುತ್ತಾ ಕಾದಳು. ಬಂದದ್ದು ಪಾಸಾಗುವಷ್ಟೇ ಅಂಕ. ಅದರಿಂದ ಶಾಂತಕುಮಾರಿಗೆ ಕೆಲಸವೇನೂ ಸಿಗಲಿಲ್ಲ. ಆದರೆ ‘ಸೊಸೆ ಎಸ್ಸೆಸ್ಸೆಲ್ಸಿ ಪಾಸು’ ಎಂದು ಇದೇ ರಂಗಮ್ಮ ಮದುವೆ ಚಪ್ಪರದಲ್ಲಿ ಊರಿಗೆಲ್ಲ ಹೇಳಿಕೊಂಡು ಓಡಾಡಿದ್ದು ಆ ಅಂಕದ ಬಲದಿಂದಲೇ.

ಶಾಂತಕುಮಾರಿ ಸೊಸೆಯಾಗಿ ಹೊಂಬಾಳಮ್ಮನ ಊರಿಗೆ ಬಂದಳು. ಹೊಂಬಾಳಮ್ಮನನ್ನು ಹುಳಿಯಾರಿನ ಕಡೆಗೆ ಕೊಟ್ಟರು. ಆ ಗಂಡ ಹೊಡೆಯುತ್ತಿದ್ದ. ಹೊಡೆಸಿಕೊಂಡು ಹೊಡೆಸಿಕೊಂಡು ಸಾಕಾಗಿ ಒಂದು ದಿನ ಟ್ರಂಕು ಹೊತ್ತುಕೊಂಡು ತವರಿಗೆ ವಾಪಸು ಬಂದಳು. ಮಕ್ಕಳಿರಲಿಲ್ಲ. ಅಣ್ಣ ತೋಟದ ಮೂಲೆಯಲ್ಲಿ ಒಂದು ಶೀಟಿನ ಮನೆ ತೋರಿಸಿದ. ಅವಳು ನೆಲಕ್ಕೆ ಕಬ್ಬಿಣದ ಹಾರೆ ನೆಟ್ಟುಕೊಂಡು ಕಂಡವರ ಮನೆಯ ಕಾಯಿ ಸುಲಿಯುವ ಕೂಲಿಗೆ ಇಳಿದಳು. ಹೆಂಗಸು ಕಾಯಿ ಸುಲಿಯುವುದೇ ಅಪರೂಪ. ತೋಟದ ಮನೆಯ ಮಗಳು ಕೂಲಿಗೆ ಸುಲಿಯುವುದೆಂದರೆ ದೊಡ್ಡಣ್ಣನಿಗೆ ಮುಖ ಎತ್ತಿ ತಿರುಗುವಂತಿಲ್ಲ. ‘ನಮ್ಮ ಮರ್ಯಾದೆ ತೆಗೀಬ್ಯಾಡ’ ಅಂದ. ‘ಹಂಗಾದ್ರೆ ನನ್ನ ಪಾಲು ಕೊಡು, ಸುಲಿಯೋದು ಬಿಡ್ತೀನಿ’ ಅಂದಳು. ಅವನು ಕೊಡಲಿಲ್ಲ, ಅವಳು ಕೋರ್ಟಿಗೆ ಹೋದಳು. ಕೇಸು ಮುಗಿಯುವ ಮೊದಲು ಅವಳೇ ಮುಗಿದಳು.

ಎದೆ ಹಿಡಿದುಕೊಂಡು ಕೂತವಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಶಾಂತಕುಮಾರಿ. ದಾರಿಯಲ್ಲಿ ಅವಳು ಆಡಿದ ಕೊನೆಯ ಮಾತು, ‘ಹಾರೆ ಮಳೇಲಿ ಬಿಟ್ಬಂದೆ ಕಣೇ ಶಾಂತಿ, ತುಕ್ಕು ಹಿಡೀತದೆ’ ಎನ್ನುವುದು. ದೊಡ್ಡಣ್ಣ ಅದೇ ಸಂಜೆ ಮಣ್ಣು ಮಾಡಿಸಿದ. ಮೂರನೇ ದಿನದ ಹಾಲು ತುಪ್ಪ ಇಲ್ಲ, ತಿಥಿಯ ಊಟ ಇಲ್ಲ. ಹೋದ ವರ್ಷದ ಪಕ್ಷದಲ್ಲಿ ವರ್ಷ ತುಂಬಿರಲಿಲ್ಲ, ಮುಂದಿನ ಸಲ ಇಡುತ್ತಾರೇನೋ ಎಂದು ಶಾಂತಕುಮಾರಿ ಸುಮ್ಮನಿದ್ದಳು. ಈಗ ಇಡುವುದಿಲ್ಲ ಎಂದು ಗೊತ್ತಾಯಿತು. ಎಲ್ಲೂ ಎಲೆ ಇಲ್ಲದ ಮೇಲೆ, ಕರೆಯುವವರಿಲ್ಲದ ಮೇಲೆ, ಅಂಥ ಒಬ್ಬಳು ಇದ್ದಳೆನ್ನುವುದೇ ಊರಿಗೆ ಮರೆತುಹೋಗುತ್ತದೆ. ದೊಡ್ಡಣ್ಣನಿಗೆ ಬೇಕಾದದ್ದೂ ಅದೇ. ಅದನ್ನು ಆಗಗೊಡುವುದಿಲ್ಲ ಎಂದು ಶಾಂತಕುಮಾರಿ ಹಟ ಹಿಡಿದಳು.

ಎರಡು ದಿನ ಬಿಟ್ಟು ದೊಡ್ಡಣ್ಣ ಟೀ ಅಂಗಡಿಯಲ್ಲಿ ಶಿವಮೂರ್ತಿಯನ್ನು ಹಿಡಿದ.

“ಏನಪ್ಪಾ, ನಮ್ಮನೆ ಹೆಣಕ್ಕೆ ನಿಮ್ಮನೇಲಿ ಅಡುಗೆಯಂತೆ?”

“ಹೆಂಗಸ್ರ ಮಾತು ಕಣ್ಲಾ. ನಾನು ಹೇಳ್ತೀನಿ ಬುಡು.”

“ಹೇಳು. ನಿಮ್ಮ ತೋಟಕ್ಕೆ ದಾರಿ ಯಾರ ಜಮೀನಲ್ಲಿ ಐತೆ ಅನ್ನೋದನ್ನೂ ಸೇರಿಸಿ ಹೇಳು.”

ಮನೆಗೆ ಬಂದ ಶಿವಮೂರ್ತಿ ಮುದ್ದೆಯ ಮುಂದೆ ಕೂತು, ಸೇರಿಸಬೇಕಾದದ್ದನ್ನೆಲ್ಲ ಸೇರಿಸಿಯೇ ಹೇಳಿದ. ಶಾಂತಕುಮಾರಿ ಸೊಪ್ಪಿನ ಸಾರು ಬಡಿಸುತ್ತಾ ಕೇಳಿಸಿಕೊಂಡಳು.

“ಆಯ್ತಾ? ಇನ್ನೊಂದು ಮುದ್ದೆ ಇಕ್ಲಾ?”

“ಕೈ ಮುಗೀತೀನಿ ಕಣೇ. ಒಂದು ಎಲೆಗೆ ಇಷ್ಟು ರಂಪ ಬೇಕಾ?”

“ಅದನ್ನೇ ನಾನೂ ಕೇಳ್ತಿರೋದು. ಒಂದು ಎಲೆಗೆ ಇಷ್ಟು ರಂಪ ಬೇಕಾ ನಿಮಗೆ?”

ಆ ವಾರ ಅವರ ತೋಟದಲ್ಲಿ ಕಾಯಿ ಕೀಳಿಸಿದ್ದರು. ಕಿತ್ತ ಕಾಯಿ ಮನೆಗೆ ಬಂದು ಅಟ್ಟ ಸೇರಬೇಕು. ಅಟ್ಟದಲ್ಲಿ ಹತ್ತಿರ ಹತ್ತಿರ ವರ್ಷ ಒಣಗಿದ ಮೇಲೆಯೇ ಅದು ಕೊಬ್ಬರಿಯಾಗಿ ತಿಪಟೂರಿನ ಮಾರ್ಕೆಟ್ಟಿಗೆ ಹೋಗುವುದು. ಬೆಳಿಗ್ಗೆ ಮಗ ದಯಾನಂದ್ ಟ್ರ್ಯಾಕ್ಟರು ತೆಗೆದುಕೊಂಡು ಹೋದವನು ಖಾಲಿ ಟ್ರೇಲರು ಕುಣಿಸುತ್ತಾ ವಾಪಸು ಬಂದ. ದೊಡ್ಡಣ್ಣ ಬಿದ್ದಿದ್ದ ತೆಂಗಿನ ಮರವೊಂದನ್ನು ದಾರಿಗೆ ಅಡ್ಡ ಎಳೆಸಿ, ಮೇಲೆ ಜಾಲಿ ಮುಳ್ಳು ಹೇರಿದ್ದ.

“ಅಮ್ಮ, ಆಯ್ತಾ ನಿನಗೆ ಸಮಾಧಾನ? ಅಲ್ಲಿ ರಾಶಿ ಬಿದ್ದಿದೆ ಕಾಯಿ. ಮಳೆ ಬಂದ್ರೆ ಮೊಳಕೆ ಒಡೀತವೆ, ಇಲ್ಲ ಕಳ್ಳರು ಹೊತ್ಕಂಡು ಹೋಗ್ತಾರೆ. ಎಲ್ಲಾ ನಿನ್ನ ಒಂದು ಎಲೆಗೆ!”

ಸೊಸೆ ಕೃತಿಕಾ ಒಲೆಯ ಮುಂದಿನಿಂದಲೇ ಅಂದಳು. “ರೀ, ದಾರಿ ಮುಚ್ಚಿದ್ದು ಅತ್ತೆ ಅಲ್ಲ.”

“ನೀನು ಸುಮ್ನಿರು.”

“ಯಾಕೆ ಸುಮ್ನಿರಲಿ? ಮುಳ್ಳು ಹಾಕಿದೋನ ಎದುರು ನಿಂತು ಒಂದು ಮಾತಾಡದೆ ಬಂದು, ಇಲ್ಲಿ ಅಮ್ಮನ ಮೇಲೆ ಕೂಗ್ತೀರಲ್ಲ.”

ಕೃತಿಕಾ ತಿಪಟೂರು ಪೇಟೆಯ ಹುಡುಗಿ, ಮದುವೆಯಾಗಿ ಎರಡು ವರ್ಷ. ಅತ್ತೆಯ ಪರವಾಗಿ ಸೊಸೆ ಮಾತಾಡಿದ್ದನ್ನು ಈ ಮನೆಯ ಗೋಡೆಗಳು ಅಲ್ಲಿಯವರೆಗೆ ಕೇಳಿರಲಿಲ್ಲ.

ಶಾಂತಕುಮಾರಿ ಹಿತ್ತಿಲಿನಿಂದ ಮಂಕರಿ ತೆಗೆದುಕೊಂಡು, ಸೆರಗನ್ನು ಸಿಂಬೆ ಸುತ್ತಿ ತಲೆಗಿಟ್ಟು ಹೊರಟಳು. ದೊಡ್ಡಣ್ಣನ ಜಮೀನು ಮುಟ್ಟದೆ ಹೋಗುವುದಾದರೆ ಕೆರೆ ಏರಿಯ ಮೇಲೆ ಸುತ್ತಿಕೊಂಡು ಹೋಗಬೇಕು. ಅಲ್ಲಿ ಟ್ರ್ಯಾಕ್ಟರು ಹೋಗದು. ಮಂಕರಿ ತುಂಬ ಕಾಯಿ ಹೊತ್ತು ಏರಿಯ ಮೇಲೆ ಬಂದು, ಅಂಗಳಕ್ಕೆ ಸುರಿದು, ಮತ್ತೆ ಹೋದಳು. ಐವತ್ತು ದಾಟಿದ ಹೆಂಗಸು. ಮೂರನೆಯ ಸಲಕ್ಕೆ ಕೃತಿಕಾ ಇನ್ನೊಂದು ಮಂಕರಿ ಹುಡುಕಿದಳು. ಅತ್ತೆ ಸೊಸೆ ಇಬ್ಬರೂ ಊರ ಮುಂದೆ ಕಾಯಿ ಹೊರುವುದನ್ನು ಕಂಡು ಶಿವಮೂರ್ತಿಗೆ ಜಗುಲಿಯ ಮೇಲೆ ಕೂರಲಾಗಲಿಲ್ಲ. ಬೈದುಕೊಳ್ಳುತ್ತಲೇ ಟವೆಲು ತಲೆಗೆ ಸುತ್ತಿದ. ದಯಾನಂದ್ ಬೈಕಿನ ಎರಡೂ ಕಡೆ ಚೀಲ ಕಟ್ಟಿ, ಯಾರ ಮುಖವನ್ನೂ ನೋಡದೆ ಏರಿಯ ಮೇಲೆ ಓಡಾಡಿದ.

ಮಾರನೆಯ ದಿನವೂ ಹೊತ್ತರು, ಅದರ ಮಾರನೆಯ ದಿನವೂ ಹೊತ್ತರು. ದೊಡ್ಡಣ್ಣ ತನ್ನ ಬೇಲಿಯ ಒಳಗೆ ನಿಂತು ನೋಡಿದ. ನೋಡಿ ಸುಮ್ಮನಿದ್ದರೆ ಅವನದೇ ಗೆಲುವಾಗುತ್ತಿತ್ತೇನೋ. ಬಾಯಿ ತಡೆಯಲಿಲ್ಲ.

“ಏನ್ ಶಾಂತಮ್ಮ, ಕೂಲಿ ಎಷ್ಟು ಕೊಡ್ತಾನೆ ಶಿವಮೂರ್ತಿ?”

ಶಾಂತಕುಮಾರಿ ಮಂಕರಿ ಇಳಿಸದೆ ನಿಂತಳು. “ಹೊಂಬಾಳುಗೆ ನೀವು ಪಾಲು ಕೊಟ್ರಲ್ಲ, ಅಷ್ಟೇ ಅಣ್ಣ.”

ಹಿಂದೆ ಬರುತ್ತಿದ್ದ ದಯಾನಂದ್ ಬೈಕು ನಿಲ್ಲಿಸಿ ಜೋರಾಗಿ ನಕ್ಕುಬಿಟ್ಟ. ಮೂರು ದಿನದಿಂದ ಅಮ್ಮನ ಜೊತೆ ಮಾತು ಬಿಟ್ಟಿದ್ದವನು ಆ ಮಧ್ಯಾಹ್ನ ಮನೆಗೆ ಬಂದು, “ಅಮ್ಮ, ಬೆನ್ನು ನೋವಾದ್ರೆ ಹೇಳು, ಎಣ್ಣೆ ತಂದಿದೀನಿ” ಎಂದು ಶೀಸೆ ಇಟ್ಟು ಹೋದ.

ಇನ್ನು ಉಳಿದದ್ದು ರಂಗಮ್ಮ. ಅವರು ಬೇರೆ ರೀತಿಯ ಯುದ್ಧ ಹೂಡಿದ್ದರು. ಹಿರೀಕರನ್ನು ಹೊಸ್ತಿಲಲ್ಲಿ ನಿಲ್ಲಿಸುವವಳ ಕೈಯಲ್ಲಿ ಉಣ್ಣುವುದಿಲ್ಲ ಎಂದು ಹಿತ್ತಿಲಿನಲ್ಲಿ ಮೂರು ಕಲ್ಲಿಟ್ಟು ತಾವೇ ಬೇಯಿಸಿಕೊಳ್ಳತೊಡಗಿದರು. ಕಣ್ಣು ಮಂದ, ಕೈ ನಡುಕ. ಮುದ್ದೆಯಲ್ಲಿ ಗಂಟು ಗಂಟು ಹಿಟ್ಟು. ಗಂಟಲಿನಲ್ಲಿ ಇಳಿಯದಿದ್ದರೂ ಬಿಡದೆ ನುಂಗಿ, ‘ಚೆನ್ನಾಗೈತೆ’ ಎಂದು ಎಲ್ಲರಿಗೂ ಕೇಳುವ ಹಾಗೆ ಅಂದರು. ಕೃತಿಕಾ ಕದ್ದು ಒಂದು ಬಟ್ಟಲು ಹುರುಳಿ ಸಾರು ತಂದಿಟ್ಟಳು. ‘ಇದು ನಾನು ಮಾಡಿದ್ದು ಅಜ್ಜಿ, ಅತ್ತೆ ಮುಟ್ಟಿಲ್ಲ’ ಎನ್ನುವ ಸುಳ್ಳನ್ನು ನಂಬಿದ ಹಾಗೆ ನಟಿಸಿ ರಂಗಮ್ಮ ಬಟ್ಟಲು ಖಾಲಿ ಮಾಡಿದರು.

ಹಬ್ಬಕ್ಕೆ ಮೂರು ದಿನ ಇದ್ದಾಗ ಹಿತ್ತಿಲಿನಲ್ಲಿ ಪಾತ್ರೆ ಉಜ್ಜುವ ಕೆಲಸ. ಪಕ್ಷಕ್ಕೆಂದು ಅಟ್ಟದಿಂದ ಇಳಿಸಿದ ಹಿತ್ತಾಳೆ ಹಂಡೆ, ತಪ್ಪಲೆ, ಕೊಳಗ. ಶಾಂತಕುಮಾರಿ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ರಂಗಮ್ಮ ಕಲ್ಲಿನ ಮೇಲೆ ಕೂತು ಶುರು ಮಾಡಿದರು.

“ಪಕ್ಷ ಅಂದ್ರೆ ವಂಶದೋರ ಹಬ್ಬ. ಇವಳು ಅದನ್ನ ಧರ್ಮಛತ್ರ ಮಾಡ್ತಾವ್ಳೆ.”

ಶಾಂತಕುಮಾರಿ ಕೈಯಲ್ಲಿದ್ದ ತಪ್ಪಲೆಯನ್ನು ಕಲ್ಲಿನ ಮೇಲೆ ಇಟ್ಟಳು.

“ಅತ್ತೆ, ಒಂದು ಮಾತು ಕೇಳ್ತೀನಿ. ನಿಮ್ಮ ಅತ್ತೆ ಮಾವನ ಮುಖ ನಾನು ನೋಡಿದೀನಾ?”

“ನೀನೆಲ್ಲಿ ನೋಡ್ತೀಯ?”

“ನೋಡಿಲ್ಲ. ಆದ್ರೂ ಆ ಅಜ್ಜಂಗೆ ಉದ್ದಿನ ವಡೆ ಮೆತ್ತಗಿರಬೇಕು, ಅಜ್ಜಿಗೆ ಕಡುಬಿಗೆ ಬೆಲ್ಲ ಜಾಸ್ತಿ ಬೇಕು ಅಂತ ಮೂವತ್ತು ವರ್ಷದಿಂದ ಮಾಡಿ ಇಕ್ತಾ ಇದೀನಿ. ಮಾವನಿಗೆ ಬೀಡಿ, ಅವರ ತಮ್ಮಂಗೆ ಬ್ರಾಂದಿ. ಎಲ್ಲಾ ನಿಮ್ಮೋರು. ರುಬ್ಬೋ ಕೈ ನಂದು, ಬೇಯಿಸೋ ಕೈ ನಂದು. ನನ್ನ ಕಡೆಯೋರು ಅಂತ ಒಬ್ಳಿಗೆ, ಒಬ್ಳೇ ಒಬ್ಳಿಗೆ, ಒಂದು ಎಲೆ ಇಕ್ಕೋಕೆ ನನಗೆ ಈ ಮನೇಲಿ ಜಾಗ ಇಲ್ವಾ?”

“ನಾನೂ ಅರವತ್ತು ವರ್ಷ ಬೇಯಿಸಿದೀನಿ ಕಣೇ. ನಾನು ಕೇಳಿದ್ನಾ?”

“ಕೇಳ್ಬೇಕಾಗಿತ್ತು ಅತ್ತೆ. ಕೇಳದೇ ಇದ್ದದ್ದು ನಿಮ್ಮ ತಪ್ಪು.”

ರಂಗಮ್ಮನ ಮುಖ ಹೊಡೆಸಿಕೊಂಡವರ ಹಾಗಾಯಿತು. ಶಾಂತಕುಮಾರಿಗೆ ಪಾಪ ಎನಿಸಿತು, ಆದರೆ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ. ದನಿ ಕೇಳಿ ಶಿವಮೂರ್ತಿ ಹಿತ್ತಿಲ ಬಾಗಿಲಿಗೆ ಬಂದಿದ್ದ. ಅವನಿಗೂ ಸೇರಿಸಿಯೇ ಹೇಳಿದಳು.

“ನೀವೂ ಕೇಳ್ಕೊಳಿ. ಹೊಂಬಾಳು ಎಲೆ ಬೀಳ್ದಿದ್ರೆ ನಾನು ಒಲೆ ಹಚ್ಚಲ್ಲ. ನಿಮ್ಮ ವಂಶದ ಹಬ್ಬ, ನೀವೇ ರುಬ್ಬಿ, ನೀವೇ ಬೇಯಿಸಿ. ನಾನೂ ಕೃತಿಕಾನೂ ಜಗುಲಿ ಮೇಲೆ ಕೂತು ನೋಡ್ತೀವಿ.”

“ಹಬ್ಬದ ದಿನ ಒಲೆ ಹಚ್ಚಲ್ಲ ಅಂತೀಯಾ?”

“ಹಚ್ಚಲ್ಲ ಅಂತೀನಿ.”

ಕೃತಿಕಾ ಹಂಡೆಯ ಹಿಂದಿನಿಂದ, “ಮಾವ, ವಡೆಗೆ ಉದ್ದು ರಾತ್ರಿನೇ ನೆನೆ ಹಾಕ್ಬೇಕು, ಮರೀಬ್ಯಾಡಿ” ಅಂದಳು. ಶಿವಮೂರ್ತಿ ಇಬ್ಬರನ್ನೂ ನೋಡಿ ಹಿಂದಕ್ಕೆ ಹೋದ. ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅವನ ಮಟ್ಟಿಗೆ ಅದೇ ದೊಡ್ಡದು.

ಮಾರನೆಯ ದಿನ ಶಾಂತಕುಮಾರಿ, ಕೃತಿಕಾ ತುರುವೇಕೆರೆಗೆ ಹೋಗಿ ಎಡೆಗೆ ಇಡುವ ಹೊಸ ಬಟ್ಟೆ ತಂದರು. ಮನೆಯವರಿಗೆ ಪಂಚೆ, ಸೀರೆ. ಹೊಂಬಾಳಮ್ಮನಿಗೆಂದು ಗಿಳಿಹಸಿರು ಮೈಯ ಕೆಂಪು ಅಂಚಿನ ಸೀರೆ. ‘ಯಾರಿಗಮ್ಮ, ಮದುಮಗಳಿಗಾ?’ ಎಂದು ಅಂಗಡಿಯವನು ಕೇಳಿದ. ‘ನನ್ನ ಕ್ಲಾಸ್‌ಮೇಟಿಗೆ’ ಎಂದು ಶಾಂತಕುಮಾರಿ ಅಂದಳು. ಹಾಗೆ ಹೇಳುವಾಗ ಅವಳಿಗೆ ಎಷ್ಟೋ ದಿನದ ಮೇಲೆ ಖುಷಿಯಾಯಿತು.

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಒಲೆ ಹತ್ತಿತು. ಮಟನ್ ಸಾರು, ಮುದ್ದೆ, ಕಡುಬು, ವಡೆ, ಪಾಯಸ. ನಡುಮನೆಯನ್ನು ಸಾರಿಸಿ, ಗೋಡೆಯ ಪಕ್ಕ ಕಳಸ ಇಟ್ಟು, ಮುಂದೆ ಬಾಳೆ ಎಲೆಗಳನ್ನು ಹಾಕಿದರು. ಮನೆಯವರ ಎಲೆಗಳ ಸಾಲು ಮುಗಿದ ಕಡೆ ಶಾಂತಕುಮಾರಿ ಇನ್ನೊಂದು ಎಲೆ ಹಾಸಿ ಸೀರೆ ಇಟ್ಟಳು. ಬಡಿಸಿದ್ದರ ಪಕ್ಕದಲ್ಲಿ ಈರುಳ್ಳಿ ಹೆಚ್ಚಿ ಹಾಕಿದ ಖಾರ ಮಂಡಕ್ಕಿ, ಎಲೆ ಅಡಿಕೆ. ಕಂಬಕ್ಕೆ ಒರಗಿ ನೋಡುತ್ತಿದ್ದ ರಂಗಮ್ಮ ಗೊಣಗಿದರು.

“ಬರೀ ಎಲೆ ಅಡಿಕೆ ಕೊಟ್ರೆ ಮುಖಕ್ಕೆ ಉಗಿದು ಹೋಗ್ತಾಳೆ ಅವಳು. ಕಡ್ಡಿಪುಡಿ ಎಲ್ಲಿ?”

“ನಮ್ಮನೇಲಿ ಯಾರ ಹತ್ರ ಐತೆ ಅತ್ತೆ ಕಡ್ಡಿಪುಡಿ, ನಿಮ್ಮ ಹತ್ರ ಬಿಟ್ಟು?”

ರಂಗಮ್ಮ ಸೊಂಟದ ಚೀಲ ಬಿಚ್ಚಿ ಒಂದು ಚಿಟಿಕೆ ಹೊಗೆಸೊಪ್ಪಿನ ಪುಡಿ ತೆಗೆದು ಎಲೆಯ ಮೇಲಿಟ್ಟರು. “ಇದರಿಂದ ನಾನು ಒಪ್ಪಿದೆ ಅಂತ ಅಲ್ಲ” ಅಂದರು.

ಶಿವಮೂರ್ತಿ ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಧೂಪದ ಬಟ್ಟಲು ಹಿಡಿದುಕೊಂಡಾಗ ಅಂಗಳದಲ್ಲಿ ಗಲಾಟೆ ಕೇಳಿಸಿತು.

“ಶಿವಮೂರ್ತಿ! ಬಾರಯ್ಯ ಈಚೆಗೆ! ನಾವೇನು ಸತ್ತೋಗಿದೀವಾ? ನಮ್ಮನೆ ಹೆಣ್ಣಿಗೆ ಎಡೆ ಇಕ್ಕೋಕೆ ನೀವ್ಯಾರಯ್ಯ?”

ದೊಡ್ಡಣ್ಣ ತನ್ನ ಮನೆಯ ಎಡೆ ಮುಗಿಸಿಕೊಂಡು, ಹೊಸ ಪಂಚೆಯಲ್ಲಿ, ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ. ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು. ಶಿವಮೂರ್ತಿ ಧೂ‍ಪದ ಬಟ್ಟಲು ಹಿಡಿದೇ ಹೊಸ್ತಿಲಿಗೆ ಬಂದ. ಊರಿನ ಬಾಯಿಗೆ ಹೆದರುವ ಮನುಷ್ಯ, ಊರೆಲ್ಲ ಎದುರಿಗೇ ನಿಂತಿದೆ. ಈಗ ‘ಆಯ್ತು ಬುಡಪ್ಪ’ ಎಂದು ಹೇಳಿ ಒಳಗೆ ಬಂದು ಆ ಎಲೆ ಎತ್ತಿಸುತ್ತಾನೆ ಎಂದು ಶಾಂತಕುಮಾರಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎತ್ತುವವರು ಯಾರೇ ಆಗಲಿ, ಕೈ ಮುರಿಯುವುದೆಂದು ನಿಂತಳು.

“ಲೇ ದೊಡ್ಡಣ್ಣ” ಅಂದ ಶಿವಮೂರ್ತಿ. ದನಿ ನಡುಗುತ್ತಿತ್ತು. “ದಾರಿ ನಿಂದು, ಮುಚ್ಚಿದೆ. ನಾವು ತಲೆ ಮೇಲೆ ಹೊತ್ವಿ. ನನ್ನ ಹೆಂಡ್ರು, ನನ್ನ ಸೊಸೆ ಹೊತ್ರು, ನೀನು ನಿಂತ್ಕಂಡು ನಕ್ಕೆ. ಮನೆ ನಂದು ಕಣ್ಲಾ. ಇಲ್ಲಿ ಎಷ್ಟು ಎಲೆ ಬೀಳ್ಬೇಕು ಅಂತ ನೀನು ಹೇಳ್ಬ್ಯಾಡ.”

ಹೊಂಬಾಳಮ್ಮನ ಮೇಲಿನ ಪ್ರೀತಿಗಿಂತ, ಕಾಯಿ ಹೊತ್ತ ಕತ್ತಿನ ನೋವೇ ಆ ಮಾತಿನಲ್ಲಿ ಜಾಸ್ತಿ ಇತ್ತು. ಆಗಲಿ, ಶಾಂತಕುಮಾರಿಗೆ ಅಷ್ಟೇ ಸಾಕಾಗಿತ್ತು.

ಶಿವಮೂರ್ತಿ ಒಳಗೆ ಬಂದು ಎಲೆಯಿಂದ ಎಲೆಗೆ ಧೂಪ ಹಾಕುತ್ತಾ ಹೆಸರು ಕೂಗಿದ. “ಅಪ್ಪಾ ಕರಿಯಪ್ಪ, ಬಂದು ಉಣ್ಣಪ್ಪ. ಚಿಕ್ಕಪ್ಪಾ, ಬಂದು ಉಣ್ಣಪ್ಪ. ಅಜ್ಜೀ, ಬಂದು ಉಣ್ಣವ್ವ.” ಕೊನೆಯ ಎಲೆಯ ಮುಂದೆ ಬಂದು ನಿಂತ.

“ಏನಂತ ಕೂಗ್ಲಿ ಇವಳನ್ನ? ಅಕ್ಕ ಅನ್ಲಾ, ತಂಗಿ ಅನ್ಲಾ? ನನಗೆ ಏನೂ ಆಗ್ಬೇಕಾಗಿಲ್ವಲ್ಲೇ.”

“ಕೊಡಿ ಇಲ್ಲಿ.”

ಶಾಂತಕುಮಾರಿ ಧೂಪದ ಬಟ್ಟಲು ಅವನ ಕೈಯಿಂದ ತೆಗೆದುಕೊಂಡಳು. ಆ ಮನೆಯಲ್ಲಿ ಹೆಂಗಸು ಧೂಪ ಹಾಕಿ ಹೆಸರು ಕೂಗಿದ್ದಿಲ್ಲ. ರಂಗಮ್ಮ ಏನೋ ಹೇಳಲು ಬಾಯಿ ತೆರೆದರು. ಆಮೇಲೆ ಏನನ್ನಿಸಿತೋ, ಸುಮ್ಮನೆ ಸೆರಗು ಹೊದ್ದು ಕೈ ಮುಗಿದರು.

“ಹೊಂಬಾಳೂ!”

ಕೂಗು ನಡುಮನೆ ದಾಟಿ, ಅಂಗಳ ದಾಟಿ ಬೀದಿಗೆ ಹೋಯಿತು. ಶಾಂತಕುಮಾರಿಯ ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು, ದನಿ ಮಾತ್ರ ತಗ್ಗಲಿಲ್ಲ.

“ಹೊಂಬಾಳೂ, ಬಾರೇ! ಯಾರ ಮಾತೂ ಕೇಳ್ಬ್ಯಾಡ, ಒಳಕ್ಕೆ ಬಾ. ನಾನು ಶಾಂತಿ ಕರೀತಾ ಇದೀನಿ. ಬಂದು ಹೊಟ್ಟೆ ತುಂಬ ಉಣ್ಣೇ!”

ಬಟ್ಟಲು ಕೆಳಗಿಟ್ಟು ಎಲ್ಲರೂ ಹೊರಗೆ ಬಂದರು. ಸತ್ತವರು ಉಣ್ಣುವಾಗ ಬದುಕಿರುವವರು ನೋಡಬಾರದು. ಶಾಂತಕುಮಾರಿ ನಡುಮನೆಯ ಬಾಗಿಲು ಎಳೆದು ಮುಂದೆ ನಿಂತಳು. ಅಂಗಳದಲ್ಲಿ ದೊಡ್ಡಣ್ಣ ಇನ್ನೂ ನಿಂತಿದ್ದ. ಮುಖ ಕೆಂಪಾಗಿತ್ತು. ಕೈ ಎತ್ತಿ ಮತ್ತೆ ಶುರು ಮಾಡಿದ.

“ಏಯ್, ನಿಮ್ಮ...”

“ಶ್!” ಶಾಂತಕುಮಾರಿ ತುಟಿಯ ಮೇಲೆ ಬೆರಳಿಟ್ಟಳು. “ಮೆತ್ತಗೆ ಅಣ್ಣ. ನಿಮ್ಮ ತಂಗಿ ಉಣ್ತಾ ಅವ್ಳೆ.”

ಮುಚ್ಚಿದ ಬಾಗಿಲ ಮುಂದೆ ಮಾತಾಡಬಾರದು. ಮಾತು ಕೇಳಿದರೆ ಹಿರೀಕರು ಅರ್ಧ ಊಟದಲ್ಲಿ ಎದ್ದು ಹೋಗುತ್ತಾರೆ, ಎಬ್ಬಿಸಿದವರ ಮನೆಗೆ ಆ ಹಸಿವು ಹೋಗುತ್ತದೆ. ಇದು ಆ ಕಡೆಯ ಮಕ್ಕಳಿಗೂ ಗೊತ್ತು. ದೊಡ್ಡಣ್ಣನೂ ಈಗ ತಾನೇ ತನ್ನ ಮನೆಯ ಬಾಗಿಲ ಮುಂದೆ ಹಾಗೆಯೇ ನಿಂತು ಬಂದಿದ್ದ. ಎತ್ತಿದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಪಕ್ಕಕ್ಕೆ ತಿರುಗಿ ಹೆಂಡತಿಯನ್ನು ನೋಡಿದ. ಲಕ್ಕಮ್ಮ ಆಗಲೇ ತಲೆಯ ಮೇಲೆ ಸೆರಗು ಎಳೆದುಕೊಂಡು, ಕಣ್ಣು ಮುಚ್ಚಿ ಕೈ ಮುಗಿದಿದ್ದಳು. ದೊಡ್ಡಣ್ಣ ಬಾಯಿ ಮುಚ್ಚಿದ.

ಅಂಗಳದಲ್ಲಿ ಒಂದು ಕೋಳಿ ಕೆದಕುವುದು ಬಿಟ್ಟು ಬೇರೆ ಸದ್ದಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ರಂಗಮ್ಮ ಸಾಕು, ಬಾಗಿಲು ತೆಗೆ ಎನ್ನುವ ಹಾಗೆ ಕೆಮ್ಮಿ ಸನ್ನೆ ಮಾಡಿದರು. ಶಾಂತಕುಮಾರಿ ಅಲ್ಲಾಡಲಿಲ್ಲ.

“ಇರಿ ಅತ್ತೆ” ಎಂದು ಪಿಸುಗುಟ್ಟಿದಳು. “ನಿಮ್ಮೋರು ವರ್ಷಾ ವರ್ಷಾ ಉಂಡವ್ರೆ. ಇವಳದ್ದು ಎರಡು ವರ್ಷದ ಹಸಿವು. ನಿಧಾನಕ್ಕೆ ಉಣ್ಲಿ.”

ಬಾಗಿಲಿಗೆ ಬೆನ್ನು ಕೊಟ್ಟು ನಿಂತೇ ಇದ್ದಳು. ಬಿಸಿಲು ಏರಿ ಅಂಗಳಕ್ಕೆಲ್ಲ ಬಂತು. ದೊಡ್ಡಣ್ಣ ಕಾಲಿನ ಚಪ್ಪಲಿ ಪಕ್ಕಕ್ಕೆ ಬಿಟ್ಟು, ತಂಗಿಯ ಊಟ ಮುಗಿಯುವುದನ್ನೇ ಕಾಯುತ್ತಾ ಬಿಸಿಲಿನಲ್ಲಿ ನಿಂತಿದ್ದ.